ಮಂಪರಿನಲ್ಲಿ ಮರೆಯುವ ಉಸಿರು

ಗಸಗಸೆ ಗಿಡದ ಎಳೆಗಾಯಿಗೆ ಗೀರು ಹಾಕಿದಾಗ ಒಸರುವ ಹಾಲು ಗಟ್ಟಿಯಾಗಿ ಅಫೀಮಾಗುತ್ತದೆ. ಅದೇ ಕಾಯಿ ಬಲಿತು ಒಣಗಿದರೆ ಪಾಯಸದ ಗಸಗಸೆ ಸಿಗುತ್ತದೆ. ಅಫೀಮಿನಿಂದ ದೊರೆಯುವ ಮಾರ್ಫಿನ್ ಮತ್ತು ಕೋಡೀನ್, ಕಾರ್ಖಾನೆಯಲ್ಲಿ ತಯಾರಾಗುವ ಟ್ರಮಡಾಲ್ ಮತ್ತು ಫೆಂಟನಿಲ್ ಇವೆಲ್ಲವನ್ನೂ ವೈದ್ಯಶಾಸ್ತ್ರವು ಒಪಿಯಾಯ್ಡ್ ಎಂಬ ಒಂದೇ ಗುಂಪಿಗೆ ಸೇರಿಸುತ್ತದೆ. ಥಾಣೆಯ ಆಸುಪಾಸಿನಲ್ಲಿ ಈ ಗುಂಪಿಗೆ ಎರಡು ವೇಷಗಳಿವೆ. ನವಿ ಮುಂಬಯಿಯ ಖಾರ್‌ಘರ್‌ನಲ್ಲಿ ಟಾಟಾ ಸ್ಮಾರಕ ಕೇಂದ್ರ ನಡೆಸುವ ಆಕ್ಟ್ರೆಕ್‌ನಂಥ ಕ್ಯಾನ್ಸರ್ ಸಂಸ್ಥೆಗಳಲ್ಲಿ ಅದು ಬೇರಾವ ಮದ್ದಿಗೂ ಜಗ್ಗದ ನೋವಿಗೆ ಪರಿಹಾರ. ಭಿವಂಡಿ, ಕಲ್ಯಾಣ್ ಕಡೆಗಳಲ್ಲಿ ಪೊಲೀಸರು ಮತ್ತೆ ಮತ್ತೆ ಜಪ್ತಿ ಮಾಡುತ್ತ ಬಂದಿರುವ ಕೋಡೀನ್ ಬೆರೆತ ಕೆಮ್ಮಿನ ಸಿರಪ್ಪಿನ ಬಾಟಲಿಗಳಲ್ಲಿ ಅದು ಅಗ್ಗದ ಅಮಲು. ಎರಡೂ ಕಡೆ ಅಪಾಯ ಬರುವ ದಾರಿ ಒಂದೇ, ಮತ್ತು ಪಕ್ಕದಲ್ಲಿ ಕುಳಿತವರ ಕಣ್ಣಿಗೆ ಅದು ಅಪಾಯದಂತೆ ಕಾಣುವುದಿಲ್ಲ.

ಒಪಿಯಾಯ್ಡ್ ತರುವ ಮಂಪರು ಸಹಜ ನಿದ್ದೆಯಲ್ಲ. ಮೊದಲು ಮೈತುಂಬ ಬೆಚ್ಚನೆಯ ಭಾವ ಹರಡುತ್ತದೆ, ಮೂಗಿನ ಸುತ್ತ ತುರಿಕೆ ಹುಟ್ಟಬಹುದು, ಕೆಲವರಿಗೆ ವಾಕರಿಕೆ ಬರುತ್ತದೆ. ನೋವು ಇದ್ದಲ್ಲೇ ಇದ್ದರೂ ಅದು ಬೇರೆ ಯಾರದೋ ಎಂಬಷ್ಟು ದೂರ ಸರಿಯುತ್ತದೆ. ಪ್ರಮಾಣ ಏರಿದಂತೆ ಮಾತಿನ ನಡುವೆಯೇ ರೆಪ್ಪೆ ಮುಚ್ಚುತ್ತದೆ, ಕೈಯ ಲೋಟ ವಾಲುತ್ತದೆ, ಕರೆದರೆ ಕಣ್ಣು ತೆರೆದ ವ್ಯಕ್ತಿ ಮರುಗಳಿಗೆಯಲ್ಲೇ ಮತ್ತೆ ತೂಕಡಿಸುತ್ತಾನೆ. ಇದು ಹಿತವೆನಿಸುವುದರಿಂದ ನೆರವಿಗೆ ಕೂಗಬೇಕೆಂದು ಅವನಿಗೆ ತೋಚುವುದೇ ಇಲ್ಲ.

ಮಿದುಳು ಬೆನ್ನುಹುರಿಯನ್ನು ಸೇರುವ ಭಾಗವಾದ ಮಿದುಳಿನ ಕಾಂಡದಲ್ಲಿ ಉಸಿರಾಟದ ಲಯವನ್ನು ಹುಟ್ಟಿಸುವ ನರಕೋಶಗಳಿವೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದೊಡನೆ ಇನ್ನಷ್ಟು ಉಸಿರೆಳೆಯುವಂತೆ ದೇಹವನ್ನು ಒತ್ತಾಯಿಸುವ ವ್ಯವಸ್ಥೆಯೂ ಅಲ್ಲಿಯದೇ; ನೀರಿನಲ್ಲಿ ಮುಳುಗು ಹಾಕಿದವನನ್ನು ಮೇಲಕ್ಕೆ ಎಬ್ಬಿಸುವ ತಳಮಳ ಅದರ ಕೆಲಸ. ಔಷಧದ ಅಣು ಬಂದು ಕೂರುವ ತಾಣಗಳಿಗೆ ಗ್ರಾಹಕಗಳೆಂದು ಹೆಸರು. ನೋವನ್ನು ತಗ್ಗಿಸಲು ನೆರವಾಗುವ ಮ್ಯೂ ಎಂಬ ಗ್ರಾಹಕಗಳೇ ಇಲ್ಲಿಯೂ ಇರುವುದರಿಂದ, ಒಪಿಯಾಯ್ಡ್ ನೋವಿನ ಜೊತೆಗೆ ಆ ತಳಮಳವನ್ನೂ ಅಡಗಿಸುತ್ತದೆ. ನಿಮಿಷಕ್ಕೆ 12ರಿಂದ 20 ಸಲ ಆಡಬೇಕಾದ ಉಸಿರು 8ಕ್ಕೆ, ಅದಕ್ಕೂ ಕೆಳಗೆ ಇಳಿದರೂ ಉಸಿರುಗಟ್ಟಿದ ಭಾವ ಹುಟ್ಟದು. ಗಂಟಲಿನ ಸ್ನಾಯುಗಳು ಸಡಿಲಗೊಂಡು ನಾಲಗೆ ಹಿಂದಕ್ಕೆ ಜಾರಿದಾಗ ಏಳುವ ಗೊರಗೊರ ಸದ್ದನ್ನು ಒಳ್ಳೆಯ ನಿದ್ದೆಯ ಗೊರಕೆಯೆಂದು ಬಗೆದು ಮನೆಯವರು ದೀಪ ಆರಿಸಿ ಹೋಗಬಹುದು. ಗುಂಡುಸೂಜಿಯ ಮೊನೆಯಷ್ಟು ಕಿರಿದಾದ ಕಣ್ಣಪಾಪೆ, ನೀಲಿಗಟ್ಟಿದ ತುಟಿ, ಅಲುಗಾಡಿಸಿದರೂ ಏಳದಿರುವುದು, ಇವು ನಿದ್ದೆಯ ಲಕ್ಷಣಗಳಲ್ಲ.

ಕೋಡೀನ್ ಸೌಮ್ಯ ಎಂಬ ನಂಬಿಕೆಯೂ ಅರ್ಧಸತ್ಯ. ಯಕೃತ್ತು ಅದರ ಒಂದಂಶವನ್ನು ಮಾರ್ಫಿನ್ ಆಗಿ ಮಾರ್ಪಡಿಸುತ್ತದೆ. ಹುಟ್ಟಿನಿಂದಲೇ ಈ ಮಾರ್ಪಾಟು ಅತಿ ವೇಗವಾಗಿರುವವರಲ್ಲಿ ಸಾಮಾನ್ಯ ಪ್ರಮಾಣವೂ ವಿಷವಾಗಬಲ್ಲದು. ಮದ್ಯವಾಗಲಿ, ನೈಟ್ರಾಝೆಪಾಮ್‌ನಂಥ ನಿದ್ದೆಮಾತ್ರೆಯಾಗಲಿ ಜೊತೆಗೂಡಿದರೆ ಉಸಿರಿನ ಕುಸಿತ ಇಮ್ಮಡಿಸುತ್ತದೆ. ಕೇಂದ್ರ ಸರ್ಕಾರ 2018ರಲ್ಲಿ ಟ್ರಮಡಾಲನ್ನು ಮಾದಕದ್ರವ್ಯ ಕಾಯ್ದೆಯ ವ್ಯಾಪ್ತಿಗೆ ತಂದಿತು, 2023ರ ಜೂನ್‌ನಲ್ಲಿ ಕೋಡೀನ್ ಮತ್ತು ಕ್ಲೋರ್‌ಫೆನಿರಮೈನ್ ಬೆರೆತ ಸಿರಪ್ಪನ್ನು ನಿಷೇಧಿಸಿತು. ಚಟ ಬಿಡಿಸುವ ಕೇಂದ್ರದಿಂದ ಮರಳಿದವರ ಪಾಡು ಇನ್ನೂ ಸೂಕ್ಷ್ಮ: ದೇಹ ಒಗ್ಗಿಕೊಂಡಿದ್ದ ಶಕ್ತಿ ಕೆಲವೇ ವಾರಗಳಲ್ಲಿ ಕರಗಿರುತ್ತದೆ, ಹಳೆಯ ಅಳತೆ ಮಾತ್ರ ನೆನಪಿನಲ್ಲಿ ಉಳಿದಿರುತ್ತದೆ.

ಇಷ್ಟೆಲ್ಲ ಕೇಳಿ ಮಾರ್ಫಿನ್ನಿಗೇ ಹೆದರುವುದು ಇನ್ನೊಂದು ಅನ್ಯಾಯ. 1985ರ ಮಾದಕದ್ರವ್ಯ ಕಾಯ್ದೆಯ ಬಿಗಿಯಿಂದ ಆಸ್ಪತ್ರೆಗಳು ಅದನ್ನು ಇಟ್ಟುಕೊಳ್ಳಲೂ ಹಿಂಜರಿದವು. 2014ರ ತಿದ್ದುಪಡಿ ಆ ಗಂಟನ್ನು ಕೊಂಚ ಸಡಿಲಿಸಿತು. ಡೊಂಬಿವಲಿಯಿಂದ ಥಾಣೆಗೆ ಬಂದು, ಪನ್ವೇಲ್ ಗಾಡಿ ಹಿಡಿದು ಖಾರ್‌ಘರ್‌ಗೆ ಹೋಗಿಬರುವ ಕ್ಯಾನ್ಸರ್ ರೋಗಿಗೆ ವೈದ್ಯರು ಸಣ್ಣ ಪ್ರಮಾಣದಿಂದ ಆರಂಭಿಸಿ ಹಂತಹಂತವಾಗಿ ಏರಿಸುವ ಮಾರ್ಫಿನ್, ಹೇಳಿದಂತೆ ತೆಗೆದುಕೊಂಡರೆ, ಉಸಿರು ಕಸಿಯುವುದು ಅಪರೂಪ. ಆದರೂ ಎಚ್ಚರ ತಪ್ಪುವಂತಿಲ್ಲ: ಮೂತ್ರಪಿಂಡ ಸೋತಾಗ ಮಾರ್ಫಿನ್ನಿನ ಅಂಶಗಳು ದೇಹದಲ್ಲಿ ಸಂಗ್ರಹವಾಗುತ್ತವೆ. ಚರ್ಮಕ್ಕೆ ಅಂಟಿಸುವ ಫೆಂಟನಿಲ್ ಪ್ಯಾಚ್, ಜ್ವರ ಬಂದಾಗ ಅಥವಾ ಬಿಸಿನೀರಿನ ಚೀಲ ಇಟ್ಟಾಗ, ಔಷಧವನ್ನು ಹೆಚ್ಚು ಬೇಗ ರಕ್ತಕ್ಕೆ ಬಿಡುತ್ತದೆ. ಬಳಸಿ ತೆಗೆದ ಪ್ಯಾಚಿನಲ್ಲೂ ಮಗುವೊಂದನ್ನು ಕೊಲ್ಲುವಷ್ಟು ಮದ್ದು ಉಳಿದಿರುತ್ತದೆ.

ನಲೋಕ್ಸೋನ್ ಎಂಬ ಪ್ರತ್ಯೌಷಧ ಗ್ರಾಹಕದಿಂದ ಒಪಿಯಾಯ್ಡನ್ನು ಕದಲಿಸಿ ಕೆಲವೇ ನಿಮಿಷಗಳಲ್ಲಿ ಉಸಿರನ್ನು ಮರಳಿಸುತ್ತದೆ. 108ರ ಆಂಬುಲೆನ್ಸ್ ಬರುವ ತನಕ ರೋಗಿಯನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು, ಉಸಿರು ನಿಂತರೆ ಬಾಯಿಗೆ ಬಾಯಿಟ್ಟು ಗಾಳಿ ಊದಬೇಕು. ಆದರೆ ನಲೋಕ್ಸೋನ್‌ನ ಪ್ರಭಾವ 30ರಿಂದ 90 ನಿಮಿಷ ಮಾತ್ರ. ನಿಧಾನವಾಗಿ ಕರಗುವ ಮಾತ್ರೆಗಳದು ಅದಕ್ಕಿಂತ ಎಷ್ಟೋ ದೀರ್ಘ. ಆದ್ದರಿಂದಲೇ, ಎದ್ದು ಕುಳಿತು ಮನೆಗೆ ಹೋಗುತ್ತೇನೆಂದು ಹಟ ಹಿಡಿದ ರೋಗಿಯನ್ನೂ ವೈದ್ಯರು ಗಂಟೆಗಟ್ಟಲೆ ಬಿಡದೆ ಉಳಿಸಿಕೊಂಡು ಅವನ ಉಸಿರು ಎಣಿಸುತ್ತಾರೆ.