ಒರೆಸುವ ಮುನ್ನ

ಕಾರನ್ನು ಒರೆಸುವುದೂ ಒಂದು ವಿದ್ಯೆಯೇ ಎಂದು ಓದುಗರು ನಗಬಹುದು. ಕಳೆದ ವೈಶಾಖದವರೆಗೆ ನಾನೂ ನಗುತ್ತಿದ್ದವನೇ. ತಂದೆಯವರು ನಿವೃತ್ತರಾದಾಗ ಬಂದ ಹಣದಿಂದ ಕೊಂಡ ಕಡುನೀಲಿ ಕಾರು ನಮ್ಮ ಮನೆಯ ಏಕಮಾತ್ರ ವೈಭವ. ಅದರಲ್ಲಿ ಬಾಗಲಕೋಟೆಯಿಂದ ಹುನಗುಂದದ ಮಾರ್ಗವಾಗಿ ಇಳಕಲ್ಲಿಗೆ ಮದುವೆಗೆಂದು ಹೊರಟೆವು. ಬೀಗರ ಮನೆ ಸಮೀಪಿಸುವ ಹೊತ್ತಿಗೆ ನೀಲಿಯೆಲ್ಲ ಬೂದಿಯಾಗಿತ್ತು. ಮರ್ಯಾದೆಯ ಪ್ರಶ್ನೆ! ಒಣಬಟ್ಟೆ ತೆಗೆದುಕೊಂಡು ಗಸಗಸನೆ ತಿಕ್ಕಿಬಿಟ್ಟೆ. ಧೂಳೇನೋ ಹೋಯಿತು, ಆದರೆ ಇಳಿಬಿಸಿಲಿನಲ್ಲಿ ನೋಡಿದರೆ ಬಾನೆಟ್ಟಿನ ತುಂಬ ಜೇಡರ ಬಲೆಯಂಥ ಗೆರೆಗಳು. ತಂದೆಯವರು ಗದರಲಿಲ್ಲ. “ಮೊದಲ ನೀರು ಹಾಕೂದಕ್ಕ ಏನಾಗಿತ್ತೋ ತಮ್ಮಾ?” ಎಂದಷ್ಟೇ ಕೇಳಿದರು. ಆ ಪ್ರಶ್ನೆಯ ಹಿಂದೆ ಬಿದ್ದು ನಾನು ಕಲಿತದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ನಮ್ಮ ಸೀಮೆಯ ಧೂಳು ಒಂದೇ ಬಗೆಯದಲ್ಲ. ಹುನಗುಂದದ ಎರೆಮಣ್ಣಿನದು ಹಿಟ್ಟಿನಂತೆ ನುಣುಪು. ಬಾಗಲಕೋಟೆಯ ಕಡೆಯದರಲ್ಲಿ ಸುಣ್ಣದಕಲ್ಲಿನ ಪುಡಿಯೂ ಸೇರಿರುತ್ತದೆ. ಇಳಕಲ್ಲಿನ ಕೆಂಪು ಗ್ರಾನೈಟಿನಲ್ಲಿ, ಬಾದಾಮಿಯ ಮರಳುಗಲ್ಲಿನಲ್ಲಿ ಇರುವುದಾದರೋ ಬೆಣಚುಕಲ್ಲಿನ ಕಣ. ಮೋಸ್ ಎಂಬ ಖನಿಜವಿಜ್ಞಾನಿಯ ಗಡಸುತನದ ಮಾಪನದಲ್ಲಿ ವಜ್ರಕ್ಕೆ 10 ಆದರೆ ಬೆಣಚಿಗೆ 7. ಅದು ಗಾಜನ್ನೂ ಗೀರಬಲ್ಲದು. ಇತ್ತ ಕಾರಿನ ಬಣ್ಣವನ್ನು ಕಾಯುವ ಪಾರದರ್ಶಕ ಲೇಪದ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್, ಎಂದರೆ ತಲೆಗೂದಲಿಗಿಂತ ತೆಳು. ನಾನು ಒರೆಸಿದ್ದು ಬಟ್ಟೆಯಿಂದಲ್ಲ, ಉಪ್ಪುಕಾಗದದಿಂದ ಎಂದರೂ ಸಲ್ಲುತ್ತದೆ.

ಆದುದರಿಂದ ಮೊದಲ ಕೆಲಸ ನೀರಿನದು. ಕಾರನ್ನು ನೆರಳಿಗೆ ತಂದು, ಮೈ ತಣಿದ ಮೇಲೆ ಧಾರಾಳವಾಗಿ ನೀರು ಹಾಯಿಸಿ ಕಣಗಳು ತಾವಾಗಿ ಜಾರಿಹೋಗುವಂತೆ ಮಾಡಬೇಕು. ಬಳಿಕ ಎರಡು ಬಕೀಟುಗಳು: ಒಂದರಲ್ಲಿ ಕಾರಿನ ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರಿಯ ನೀರು. ಮೇಲಿನಿಂದ ಕೆಳಕ್ಕೆ ತೊಳೆಯುವುದು ಕ್ರಮ. ಪಾತ್ರೆ ಬೆಳಗುವ ಸೋಪು ಇದ್ದ ಮೇಣವನ್ನೂ ಕಿತ್ತೊಯ್ಯುವುದರಿಂದ ಅದು ಬೇಡ. ಕೊಳವೆಬಾವಿಯ ಗಡಸುನೀರು ಆರಿ ಬಿಳಿ ಕಲೆಗಳುಳಿದಿದ್ದರೆ, ಸಮಪಾಲು ನೀರು ಬೆರೆಸಿದ ವಿನೆಗರನ್ನು ಸವರಿ, ತುಸು ಹೊತ್ತಿನಲ್ಲೇ ತೊಳೆದುಬಿಡಬೇಕು. ಆಮ್ಲವು ಸುಣ್ಣವನ್ನು ಕರಗಿಸುತ್ತದೆ. ಕಣ್ಣಿಗೆ ಬೀಳದ ಮೂಲೆಯಲ್ಲಿ ಮೊದಲು ಪ್ರಯೋಗಿಸುವುದು ಲೇಸು.

ತೊಳೆದ ಮಾತ್ರಕ್ಕೆ ಶುದ್ಧವಾಯಿತೆಂದು ತಿಳಿಯಬಾರದು. ತೆಳುವಾದ ಪ್ಲಾಸ್ಟಿಕ್ ಚೀಲದೊಳಗೆ ಕೈಯಿಟ್ಟು ಬಣ್ಣದ ಮೇಲೆ ಹಗುರಾಗಿ ಆಡಿಸಿ ನೋಡಿರಿ. ತರಿತರಿಯಾಗಿ ತಾಗಿದರೆ ಕಣಗಳು ಇನ್ನೂ ಕಚ್ಚಿಕೊಂಡಿವೆ. ಇದಕ್ಕೆಂದೇ ಅಂಗಡಿಗಳಲ್ಲಿ ‘ಕ್ಲೇ ಬಾರ್’ ಎಂಬ, ಹೋಳಿಗೆಯ ಕಣಕದಂಥ ಮೆದು ಮುದ್ದೆ ದೊರೆಯುತ್ತದೆ. ಶಾಂಪೂ ಬೆರೆತ ನೀರು ಚಿಮುಕಿಸಿ, ಒತ್ತದೆ, ನೇರವಾಗಿ ಜಾರಿಸಿದರೆ ಅದು ಆ ಕಣಗಳನ್ನು ಎತ್ತಿಕೊಳ್ಳುತ್ತದೆ. ಆಗಾಗ ಮಡಚಿ ಹೊಸ ಮೈಯನ್ನು ಹೊರತೆಗೆಯಬೇಕು. ನೆಲಕ್ಕೆ ಬಿದ್ದರೆ ಮೋಹ ಬಿಟ್ಟು ಎಸೆದುಬಿಡಬೇಕು.

ಕೊನೆಯದು ಮೇಣದ ರಕ್ಷೆ. ಈಶಾನ್ಯ ಬ್ರೆಜಿಲಿನ ಕಾರ್ನೌಬ ಎಂಬ ತಾಳೆಮರ ತನ್ನ ಎಲೆಗಳು ಒಣಗದಂತೆ ಮೇಣ ಹೊದೆಯುತ್ತದೆ. ಜೇನುಮೇಣ ಸುಮಾರು 63 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದರೆ, ಇದು ಕರಗಲು 82ಕ್ಕೂ ಹೆಚ್ಚು ಬೇಕು. ನಮ್ಮ ಬೇಸಗೆಗೆ ಇಂಥದೇ ತಕ್ಕುದು. ತೆಳುವಾಗಿ ಸವರಿ, ಮಂಜುಗಟ್ಟಿದಂತಾದಾಗ ಮೃದುವಾದ ಬಟ್ಟೆಯಿಂದ ತೆಗೆಯಬೇಕು. ಕೆಲವು ತಿಂಗಳ ಬಳಿಕ, ನೀರು ಹನಿಗಟ್ಟದೆ ಹರಡತೊಡಗಿದರೆ, ಮತ್ತೆ ಹಚ್ಚುವ ಕಾಲ ಬಂದಿತೆಂದೇ ಅರ್ಥ. ಬಿದ್ದ ಗೆರೆಗಳನ್ನು ಮೇಣ ಅಳಿಸದು. ಅಳಿಸಲು ಪಾಲಿಶ್ ಬೇಕು. ಅದಾದರೋ ಆ ತೆಳು ಲೇಪವನ್ನೇ ಇಷ್ಟಿಷ್ಟು ಸವೆಸುತ್ತದೆ. ಬಡ್ಡಿಯಲ್ಲ, ಅಸಲೇ ಖರ್ಚಾಗುವ ಲೆಕ್ಕ!

ಬಾದಾಮಿಯ ಮೂರನೆಯ ಗುಹೆಯಲ್ಲಿ, ಮಂಗಳೇಶನ ಕ್ರಿ. ಶ. 578ರ ಶಾಸನವಿರುವಲ್ಲಿ, ವರ್ಣಚಿತ್ರಗಳು ಅಲ್ಪಸ್ವಲ್ಪ ಉಳಿದಿವೆ. ಅದೂ ಮಳೆಬಿಸಿಲು ನೇರವಾಗಿ ತಾಕದ ಮರೆಯಲ್ಲಿ. ಬಣ್ಣವೆಂಬುದು ಬಾಳುವುದು ಮರೆಯಿದ್ದಾಗಲೇ.

ನಮ್ಮ ಬಾನೆಟ್ಟಿನ ಗೆರೆಗಳನ್ನು ನಾನು ಪೂರ್ತಿ ಅಳಿಸಲಿಲ್ಲ, ಅಸಲು ತಂದೆಯವರದು. ತೊಳೆದು ಮೇಣ ಹಚ್ಚಿದೆನಷ್ಟೆ. ಮೊನ್ನೆ ಅವರು ಅದರ ಮೇಲೆ ಅಂಗೈ ಆಡಿಸಿ, ಕೀಲಿಕೈಯನ್ನು ನನ್ನ ಕೈಗಿಟ್ಟು, “ನಡಿ, ಬಾದಾಮಿಗೆ ಹೋಗಿ ಬರೂಣು” ಎಂದರು. ನಾನು ಮೊದಲು ಡಿಕ್ಕಿಯಲ್ಲಿ ಒಂದು ಕ್ಯಾನು ನೀರಿಟ್ಟೆ.