ಮೂತ್ರಪಿಂಡ ಕಾಯಿಲೆಯ ಆರಂಭಿಕ ಪತ್ತೆ ಮತ್ತು ನಿರ್ವಹಣೆ: ಬಸವಕಲ್ಯಾಣ ಮತ್ತು ಹುಮನಾಬಾದ ತಾಲ್ಲೂಕುಗಳ ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಮೂತ್ರಪಿಂಡಗಳು ರಕ್ತವನ್ನು ಶೋಧಿಸಿ, ತ್ಯಾಜ್ಯ ಹಾಗೂ ಹೆಚ್ಚುವರಿ ನೀರನ್ನು ಮೂತ್ರದ ಮೂಲಕ ಹೊರಹಾಕುತ್ತವೆ. ರಕ್ತದೊತ್ತಡದ ನಿಯಂತ್ರಣ ಮತ್ತು ರಕ್ತದ ಉತ್ಪತ್ತಿಯಲ್ಲಿಯೂ ಇವುಗಳ ಪಾತ್ರವಿದೆ. ಈ ಕಾರ್ಯಕ್ಷಮತೆಯು ಮೂರು ತಿಂಗಳಿಗೂ ಮೀರಿ ಕುಂಠಿತವಾಗಿದ್ದರೆ ಅಥವಾ ಮೂತ್ರದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನ್ ಸೋರುತ್ತಿದ್ದರೆ ಅದನ್ನು ದೀರ್ಘಕಾಲದ ಮೂತ್ರಪಿಂಡ ಕಾಯಿಲೆ ಎನ್ನಲಾಗುತ್ತದೆ. ಆರಂಭದ ಹಂತಗಳಲ್ಲಿ ನೋವಾಗಲಿ, ಮೂತ್ರದ ಪ್ರಮಾಣದಲ್ಲಿ ವ್ಯತ್ಯಾಸವಾಗಲಿ ಸಾಮಾನ್ಯವಾಗಿ ಕಂಡುಬರುವುದಿಲ್ಲ. ಕಾಲುಬಾವು, ವಾಕರಿಕೆ, ಆಯಾಸ ಹಾಗೂ ತುರಿಕೆ ಕಾಣಿಸಿಕೊಳ್ಳುವ ವೇಳೆಗೆ ಕಾಯಿಲೆಯು ಬಹಳಷ್ಟು ಮುಂದುವರಿದಿರುತ್ತದೆ.

ಅಂತಿಮ ಹಂತದ ರೋಗಿಗೆ ವಾರಕ್ಕೆ ಎರಡು ಅಥವಾ ಮೂರು ಬಾರಿ, ಪ್ರತಿ ಬಾರಿ ಸುಮಾರು 4 ಗಂಟೆಗಳ ಡಯಾಲಿಸಿಸ್ ಅಗತ್ಯವಾಗುತ್ತದೆ. ಇದಕ್ಕಾಗಿ ಬೀದರ್, ಕಲಬುರಗಿ, ಸೊಲ್ಲಾಪುರ ಅಥವಾ ಹೈದರಾಬಾದ್‌ಗೆ ಪ್ರಯಾಣಿಸಬೇಕಾದಾಗ ರೋಗಿಯೊಂದಿಗೆ ಕುಟುಂಬದ ಒಬ್ಬರ ದುಡಿಮೆಯೂ ನಿಲ್ಲುತ್ತದೆ. ಆದ್ದರಿಂದ ಸರಳ ಪರೀಕ್ಷೆಗಳ ಮೂಲಕ ಮೊದಲೇ ಪತ್ತೆ ಹಚ್ಚುವುದು ಅತ್ಯಗತ್ಯ.

ಪರೀಕ್ಷೆ ಮಾಡಿಸಿಕೊಳ್ಳಬೇಕಾದವರು

1. ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡ ಇರುವವರು (ವರ್ಷಕ್ಕೊಮ್ಮೆ ಕಡ್ಡಾಯವಾಗಿ).
2. ಹೃದ್ರೋಗವಿರುವವರು, ಮೂತ್ರಪಿಂಡದಲ್ಲಿ ಪದೇ ಪದೇ ಕಲ್ಲು ಆಗುವವರು.
3. ಕುಟುಂಬದಲ್ಲಿ ಯಾರಿಗಾದರೂ ಮೂತ್ರಪಿಂಡ ಕಾಯಿಲೆ ಇದ್ದವರು.
4. ಕೀಲುನೋವು, ಬೆನ್ನುನೋವಿಗೆ ದೀರ್ಘಕಾಲ ನೋವಿನ ಮಾತ್ರೆ ಅಥವಾ ಭಸ್ಮಗಳನ್ನು ಸೇವಿಸುತ್ತಿರುವವರು.
5. ಬಿಸಿಲಿನಲ್ಲಿ ದೀರ್ಘಕಾಲ ದುಡಿಯುವ ಕಬ್ಬು ಕಟಾವು, ಕಟ್ಟಡ ಹಾಗೂ ಹೊಲದ ಕಾರ್ಮಿಕರು.

ಪರೀಕ್ಷೆಗಳು

ರಕ್ತದೊತ್ತಡ ತಪಾಸಣೆ, ಮೂತ್ರದ ಅಲ್ಬುಮಿನ್ ಪರೀಕ್ಷೆ ಮತ್ತು ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಈ ಮೂರೂ ಅವಶ್ಯಕ. ಮೂತ್ರಪಿಂಡದ ಕಾರ್ಯಕ್ಷಮತೆಯು ಅರ್ಧದಷ್ಟು ಕುಗ್ಗುವವರೆಗೂ ಕ್ರಿಯಾಟಿನಿನ್ ಪ್ರಮಾಣವು ಸಾಮಾನ್ಯ ಮಿತಿಯಲ್ಲಿಯೇ ಇರಬಹುದಾದುದರಿಂದ ಮೂತ್ರ ಪರೀಕ್ಷೆಯನ್ನು ಕೈಬಿಡಬಾರದು. ಕ್ರಿಯಾಟಿನಿನ್, ವಯಸ್ಸು ಮತ್ತು ಲಿಂಗದ ಆಧಾರದ ಮೇಲೆ ಶೋಧನಾ ಪ್ರಮಾಣವನ್ನು ಲೆಕ್ಕ ಹಾಕಲಾಗುತ್ತದೆ. ಇದು 60ಕ್ಕಿಂತ ಕಡಿಮೆ ಇದ್ದಲ್ಲಿ 3 ತಿಂಗಳ ನಂತರ ಮರುಪರೀಕ್ಷೆ ಮಾಡಿಸಬೇಕು; 15ಕ್ಕಿಂತ ಕಡಿಮೆ ಇದ್ದಲ್ಲಿ ಅದು ಅಂತಿಮ ಹಂತ.

ನಿರ್ವಹಣೆ

ನಷ್ಟವಾದ ಶಕ್ತಿಯು ಸಾಮಾನ್ಯವಾಗಿ ಮರಳುವುದಿಲ್ಲ. ಆದರೆ ಉಳಿದ ಶಕ್ತಿಯನ್ನು ಹಲವು ವರ್ಷಗಳ ಕಾಲ ಕಾಪಾಡಿಕೊಳ್ಳಬಹುದು.

• ರಕ್ತದೊತ್ತಡವನ್ನು ಸಾಮಾನ್ಯವಾಗಿ 130/80ರ ಒಳಗೆ ಇರಿಸಿಕೊಳ್ಳುವುದು. ಎನಲಾಪ್ರಿಲ್, ಟೆಲ್ಮಿಸಾರ್ಟನ್ ಮುಂತಾದ ಮಾತ್ರೆಗಳು ಅಲ್ಬುಮಿನ್ ಸೋರಿಕೆಯನ್ನೂ ತಗ್ಗಿಸುತ್ತವೆ. ಗರ್ಭಿಣಿಯರು ಇವುಗಳನ್ನು ಸೇವಿಸಬಾರದು.
• ಆರಾಮವಾಗಿದೆ ಎಂಬ ಕಾರಣಕ್ಕೆ ಮಾತ್ರೆಗಳನ್ನು ನಿಲ್ಲಿಸದಿರುವುದು.
• ದಿನಕ್ಕೆ ಒಟ್ಟು 5 ಗ್ರಾಂ ಮೀರದಂತೆ (ಒಂದು ಚಹಾ ಚಮಚದಷ್ಟು) ಉಪ್ಪು ಬಳಸುವುದು. ರೊಟ್ಟಿಯೊಂದಿಗೆ ಸೇವಿಸುವ ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿಗಳ ಉಪ್ಪು ಸಹ ಈ ಲೆಕ್ಕಕ್ಕೆ ಸೇರುತ್ತದೆ.
• ವೈದ್ಯರ ಸಲಹೆಯಿಲ್ಲದೆ ನೋವಿನ ಮಾತ್ರೆಗಳನ್ನು ಸೇವಿಸದಿರುವುದು, ತಂಬಾಕು ತ್ಯಜಿಸುವುದು.
• ಬೇಳೆ, ಹಣ್ಣು ಮತ್ತು ನೀರಿನ ಪ್ರಮಾಣವು ಕಾಯಿಲೆಯ ಹಂತವನ್ನು ಅವಲಂಬಿಸಿರುತ್ತದೆ. ಇವುಗಳನ್ನು ಸ್ವತಃ ಕಡಿಮೆ ಮಾಡಿಕೊಳ್ಳದೆ ವೈದ್ಯರನ್ನು ವಿಚಾರಿಸುವುದು.
• ಡಯಾಲಿಸಿಸ್ ಬೇಕಾಗಬಹುದೆಂದು ವೈದ್ಯರು ತಿಳಿಸಿದಲ್ಲಿ, ಹೆಚ್ಚು ಬಳಸದ ಕೈಯ ರಕ್ತನಾಳಗಳಲ್ಲಿ ಇಂಜೆಕ್ಷನ್ ಹಾಕಿಸಿಕೊಳ್ಳದಿರುವುದು. ಮುಂದೆ ಫಿಸ್ಟುಲಾ ಶಸ್ತ್ರಚಿಕಿತ್ಸೆಗೆ ಆ ರಕ್ತನಾಳಗಳು ಬೇಕಾಗುತ್ತವೆ.

ಸೇವೆ ಪಡೆಯುವ ವಿಧಾನ

30 ವರ್ಷ ಮೇಲ್ಪಟ್ಟವರು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡದ ತಪಾಸಣೆಯನ್ನು ಮಾಡಿಸಿಕೊಳ್ಳಬಹುದು. ನಂತರದ ಪರೀಕ್ಷೆಗಳಿಗಾಗಿ ಬಸವಕಲ್ಯಾಣ ಅಥವಾ ಹುಮನಾಬಾದ ತಾಲ್ಲೂಕು ಸಾರ್ವಜನಿಕ ಆಸ್ಪತ್ರೆಯನ್ನು, ಅಗತ್ಯವಿದ್ದಲ್ಲಿ ಬೀದರ್ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ (ಬ್ರಿಮ್ಸ್) ಆಸ್ಪತ್ರೆಯನ್ನು ಸಂಪರ್ಕಿಸತಕ್ಕದ್ದು. ಈ ತಾಲ್ಲೂಕುಗಳಿಂದ ಬೇರ್ಪಟ್ಟ ಹುಲಸೂರ ಮತ್ತು ಚಿಟಗುಪ್ಪ ತಾಲ್ಲೂಕುಗಳ ನಿವಾಸಿಗಳಿಗೂ ಇದು ಅನ್ವಯಿಸುತ್ತದೆ.

2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಡಿ ಬಡತನ ರೇಖೆಗಿಂತ ಕೆಳಗಿರುವ ಕುಟುಂಬದವರಿಗೆ ಡಯಾಲಿಸಿಸ್ ಉಚಿತ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ. ವರೆಗೆ ಚಿಕಿತ್ಸೆ ಲಭ್ಯವಿದ್ದು, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟನ್ನು ವಾರ್ಷಿಕ 1.5 ಲಕ್ಷ ರೂ. ಮಿತಿಯಲ್ಲಿ ಸರ್ಕಾರವು ಭರಿಸುತ್ತದೆ. ಪಡಿತರ ಚೀಟಿ ಹಾಗೂ ಆಧಾರ್ ಚೀಟಿಯನ್ನು ಹಾಜರುಪಡಿಸಬೇಕು. ಖಾಸಗಿ ಆಸ್ಪತ್ರೆಗೆ ತೆರಳುವ ಮುನ್ನ, ತುರ್ತು ಸಂದರ್ಭಗಳನ್ನು ಹೊರತುಪಡಿಸಿ, ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರವನ್ನು ಪಡೆಯುವುದು ಅವಶ್ಯ.

ಮೂತ್ರಪಿಂಡ ಕಸಿಯು 1994ರ ಮಾನವ ಅಂಗಾಂಗ ಕಸಿ ಕಾಯ್ದೆಗೆ ಒಳಪಟ್ಟಿದೆ. ಮೃತ ದಾನಿಗಳ ಅಂಗಾಂಗಕ್ಕಾಗಿ, ನೋಂದಾಯಿತ ಕಸಿ ಆಸ್ಪತ್ರೆಯ ಮೂಲಕ ಜೀವಸಾರ್ಥಕತೆ ಸಂಸ್ಥೆಯಲ್ಲಿ ಹೆಸರು ದಾಖಲಿಸಬೇಕು. ಹಣಕ್ಕಾಗಿ ಮೂತ್ರಪಿಂಡದ ಮಾರಾಟ ಅಥವಾ ಖರೀದಿ ಶಿಕ್ಷಾರ್ಹ ಅಪರಾಧ. ಮಧ್ಯವರ್ತಿಗಳ ಮಾತಿಗೆ ಮರುಳಾಗಬಾರದು.

ಹೆಚ್ಚಿನ ಮಾಹಿತಿಗೆ ಆರೋಗ್ಯ ಸಹಾಯವಾಣಿ 104ಕ್ಕೆ, ತುರ್ತು ವಾಹನಕ್ಕೆ 108ಕ್ಕೆ ಕರೆ ಮಾಡಬಹುದು. ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ ಇರುವ ಪ್ರತಿಯೊಬ್ಬರೂ ಈ ವರ್ಷದ ಮೂತ್ರ ಹಾಗೂ ರಕ್ತ ಪರೀಕ್ಷೆಯನ್ನು ತಪ್ಪದೆ ಮಾಡಿಸಿಕೊಂಡು, ವರದಿಗಳನ್ನು ಜೋಪಾನವಾಗಿ ಇರಿಸಿಕೊಳ್ಳಬೇಕೆಂದು ಕೋರಲಾಗಿದೆ.