ಟ್ರ್ಯಾಕ್ಟರಿನ ಬಣ್ಣದ ಚಕ್ಕೆಗೆ ಮನೆಯಲ್ಲೇ ಮದ್ದು

ತೊಗರಿ ಕೂಳೆಯ ಹೊಡೆತ, ಹಿರೋಳ್ಳಿ ದಾರಿಯ ಕಲ್ಲು. ನನ್ನ ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಬಣ್ಣ ಅಲ್ಲಲ್ಲಿ ಕಡಲೆಕಾಳಿನಷ್ಟು ಚಕ್ಕೆ ಎದ್ದಿತ್ತು. ‘ಓಡಿದ್ರ ಸಾಕು, ಚಂದ ಯಾರು ನೋಡ್ತಾರ’ ಅಂತ ಬಿಟ್ಟೆ. ಎರಡು ಮಳೆಗಾಲ ಕಳೆದವು. ಒಂದು ಚಕ್ಕೆಯ ಸುತ್ತ ಬಣ್ಣ ಉಬ್ಬಿತು. ಉಗುರಿನಿಂದ ಎಬ್ಬಿಸಿದರೆ ಅಂಗೈ ಅಗಲ ತುಕ್ಕು! ತುಕ್ಕು ಬಣ್ಣದ ಅಡಿಯಲ್ಲೇ ಹರಿಯುತ್ತದೆ. ಗೊಬ್ಬರದ ಪುಡಿ ಬಿದ್ದು ತೇವ ಹಿಡಿದಲ್ಲಿ ಇನ್ನೂ ಬೇಗ.

ಈಗ ರಾಶಿ ಮುಗಿದ ಮೇಲೆ ಪ್ರತಿ ವರ್ಷ ನಾನೇ ರಿಪೇರಿ ಮಾಡುತ್ತೇನೆ. ಮೊದಲು ಸೋಪುನೀರಿನಿಂದ ತೊಳೆದು ಪೂರ್ತಿ ಒಣಗಿಸಿ. 180 ನಂಬರಿನ ಉಜ್ಜುಕಾಗದದಿಂದ ಹೊಳೆಯುವ ಕಬ್ಬಿಣ ಕಾಣುವ ತನಕ ತುಕ್ಕು ತೆಗೆಯಿರಿ. ಅಂಚನ್ನು 400 ನಂಬರಿನಿಂದ ನಯ ಮಾಡಿ. ಟರ್ಪೆಂಟೈನ್ ಅದ್ದಿದ ಬಟ್ಟೆಯಿಂದ ಜಿಡ್ಡು ಒರೆಸಿ. ಅದು ಆರಿದ ಮೇಲೆ ರೆಡ್ ಆಕ್ಸೈಡ್ ಪ್ರೈಮರ್ ತೆಳ್ಳಗೆ ಹಚ್ಚಿ, ಒಂದು ರಾತ್ರಿ ಬಿಡಿ. ಮರುದಿನ ಅದೇ ಬಣ್ಣದ ಇನಾಮಲ್ ಹಚ್ಚಿ. ಸಣ್ಣ ಚಕ್ಕೆಗೆ ಬೆಂಕಿಕಡ್ಡಿಯ ತುದಿ ಸಾಕು. ದಪ್ಪಗೆ ಒಮ್ಮೆ ಬಳಿದರೆ ಇಳಿಯುತ್ತದೆ. ತೆಳ್ಳಗೆ ಎರಡು ಸಲ ಹಚ್ಚಿ, ನಡುವೆ ಒಂದು ದಿನ ಬಿಡಿ.

ಮೊದಲ ಸಲ ನಾನು ಇನಾಮಲ್ಲಿಗೆ ಎನ್.ಸಿ. ಥಿನ್ನರ್ ಬೆರೆಸಿ ಕೆಟ್ಟೆ. ಸುತ್ತಲಿನ ಹಳೇ ಬಣ್ಣವೂ ಸುಕ್ಕುಗಟ್ಟಿ ಎದ್ದಿತು. ಇನಾಮಲ್ಲಿಗೆ ಟರ್ಪೆಂಟೈನೇ ಸರಿ. ಉರಿಬಿಸಿಲು, ದೂಳುಗಾಳಿ ಬೇಡ. ನೆರಳಿನಲ್ಲಿ, ಗಾಳಿಯಾಡುವ ಕಡೆ ಮಾಡಿ. ಹತ್ತಿರ ಬೀಡಿ ಹಚ್ಚಬೇಡಿ. ಕಾರು ಇದ್ದವರು ಬಾಗಿಲ ಸಂದಿಯಲ್ಲೋ ಬಾನೆಟ್ ಒಳಗೋ ಇರುವ ಬಣ್ಣದ ಸಂಕೇತ ನೋಡಿ, ಅದಕ್ಕೆ ಹೊಂದುವ ಟಚಪ್ ಬಾಟಲಿಯನ್ನೇ ತರಬೇಕು.

ಹತ್ತಿರ ನಿಂತು ನೋಡಿದರೆ ತೇಪೆ ಕಾಣುತ್ತದೆ, ನಿಜ. ಆದರೆ ತಗಡು ಉಳಿದಿದೆ.